ಗಿಂಡಿಯ ಕಿವಿ

ಶ್ರಾವಣ ಶುದ್ಧ ಪಾಡ್ಯ. ಬೆಳಗಿನಿಂದ ಮೋಡ ಕವಿದಿತ್ತು, ಮಳೆ ಬಂದಿರಲಿಲ್ಲ.

ಮಠದ ಪಡಸಾಲೆಯಲ್ಲಿ ಅಡವಯ್ಯ ಅಲ್ಲಿನ ಸ್ವಾಮಿಗಳಾದ ಅಜ್ಜನವರ ಮುಂದೆ ಕುಳಿತು ಕೇಳಿದ: “ಅಜ್ಜನವರೇ, ಕಲಿಸಿದವನು ಕೈ ತೆಗೆಯುವುದು ಯಾವಾಗ?”

ಉತ್ತರ ಅವನಿಗೆ ಅಂದೇ ಬೇಕಾಗಿತ್ತು. ಶ್ರಾವಣದ ಸಂಜೆಗಳಲ್ಲಿ ಆ ಮಠದಲ್ಲಿ ಪುರಾಣ ಓದಿ ಅರ್ಥ ಹೇಳುತ್ತಿದ್ದವನು ಅಡವಯ್ಯ. ಈಚೆಗೆ ಅವನ ಗಂಟಲು ಕೈಕೊಟ್ಟಿತ್ತು. ಗುರುಪಾದನೆಂಬ ತರುಣನನ್ನು ತಾನೇ ಕೂರಿಸಿಕೊಂಡು ತಯಾರು ಮಾಡಿದ್ದ. ಗುರುಪಾದನಿಗೆ ಪದ್ಯಗಳು ಬಾಯಿಪಾಠವಾಗಿದ್ದವು, ಕಂಠವೂ ಚೆನ್ನಾಗಿತ್ತು. ಆದರೆ ಅವನು ಒಂದು ಪದದ ಮುಂದೆ ತುಸು ಉಸಿರು ಎಳೆದುಕೊಂಡರೆ ಸಾಕು, ಹಿಂದೆ ಕುಳಿತ ಅಡವಯ್ಯ ಆ ಪದವನ್ನು ಮೆಲ್ಲಗೆ ಎತ್ತಿಕೊಟ್ಟುಬಿಡುತ್ತಿದ್ದ. ಹೀಗಾಗಿ ಮೊದಲ ಸಾಲು ಹೇಳಿ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸುವುದು ಗುರುಪಾದನಿಗೆ ರೂಢಿಯಾಗಿಹೋಗಿತ್ತು.

ಈ ಸಂಜೆ ಪುರಾಣ ಶುರುವಾಗಬೇಕು. ಗುರುಪಾದ ಒಬ್ಬನೇ ಕೂರಲಿ ಎಂದು ಅಜ್ಜನವರು ಅಪ್ಪಣೆ ಮಾಡಿದ್ದರು. ಊರೆಲ್ಲ ಸೇರುತ್ತದೆ. ಜನರ ಮುಂದೆ ಒಮ್ಮೆ ಬಾಯಿ ಕಟ್ಟಿತೆಂದರೆ ಅವನು ಮತ್ತೆ ಪುರಾಣದ ಮಣೆಯ ಮೇಲೆ ಕೂರುವ ಮಾತೇ ಇಲ್ಲ ಎಂಬುದು ಅಡವಯ್ಯನ ಭಯ.

“ನಾನು ಹಿಂದೆ ಇರುತ್ತೇನೆ ಅಷ್ಟೆ. ಅವನು ಸಿಕ್ಕಿಹಾಕಿಕೊಂಡರೆ ಮಾತ್ರ ಬಾಯಿ ತೆರೆಯುತ್ತೇನೆ,” ಎಂದ.

“ಅವನು ಸಿಕ್ಕಿಹಾಕಿಕೊಂಡದ್ದು ನಿನಗೆ ಹೇಗೆ ತಿಳಿಯುತ್ತದೆ?”

“ಅವನಿಗಿಂತ ಮೊದಲೇ ತಿಳಿಯುತ್ತದೆ.”

ಹೇಳುವಾಗ ಅಡವಯ್ಯನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅಜ್ಜನವರು ಅಂಗಳದ ಕಡೆ ನೋಡಿದರು. “ಮಳೆ ಬರುವುದರೊಳಗೆ ಮುಗಿಯುವ ಕತೆಯೊಂದಿದೆ. ಕೇಳು,” ಎಂದರು.

ಒಂದು ಊರಿನಲ್ಲಿ ಹಾಲು ಮೊಸರು ಮಾರುವ ಮನೆ. ಮನೆಯಲ್ಲಿ ಅತ್ತೆ, ಮಗ, ಸೊಸೆ. ಮಗ ಎಮ್ಮೆ ಮೇಯಿಸುತ್ತಿದ್ದ. ಸೊಸೆ ಬೆಳಗಾದರೆ ಮೊಸರಿನ ಗಡಿಗೆ ಹೊತ್ತು ಪೇಟೆಗೆ ಹೋಗುತ್ತಿದ್ದಳು. ಅತ್ತೆ ಮನೆಯಲ್ಲಿ ಹಾಲು ಕಾಯಿಸಿ ಹೆಪ್ಪು ಹಾಕುತ್ತಿದ್ದಳು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಲು ಬಗ್ಗಿಸುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು. ನನ್ನ ಕೈಯಿಂದ ನೆಲಕ್ಕೆ ಹನಿ ಬಿದ್ದದ್ದನ್ನು ಯಾರಾದರೂ ತೋರಿಸಿ ಎನ್ನುತ್ತಿದ್ದಳು. ತೋರಿಸಿದವರಿರಲಿಲ್ಲ.

ಬಹಳ ಕಾಲ ಕಾದ ಮೇಲೆ ಆ ಮನೆಯಲ್ಲೊಂದು ಗಂಡು ಮಗು ಹುಟ್ಟಿತು. ಅತ್ತೆ ತವರಿನಿಂದ ತಂದಿದ್ದ ಕಂಚಿನ ಒಳಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆದಳು.

“ಒಳಲೆ ನಮ್ಮ ಮನೆಯಲ್ಲೂ ಇತ್ತು,” ಎಂದ ಅಡವಯ್ಯ. “ಚಿಪ್ಪಿನ ಹಾಗಿರುತ್ತದೆ. ತುದಿಯಲ್ಲಿ ಸಣ್ಣ ಮೂತಿ.”

ಅದೇ. ಆಕೆ ಕಾಲು ಚಾಚಿ ಕೂರುತ್ತಿದ್ದಳು. ಕೂಸನ್ನು ಮೊಣಕಾಲಿಂದ ಕೆಳಗೆ, ಕಾಲುಗಳ ಮೇಲೆ ಅಂಗಾತ ಮಲಗಿಸಿ, ಅದರ ಎರಡೂ ಕೈಗಳನ್ನು ಒಂದೇ ಅಂಗೈಯಲ್ಲಿ ಹಿಡಿದು, ಬಾಯಿಯ ಸಂದಿಯಲ್ಲಿ ಒಳಲೆಯಿಟ್ಟು ಹಾಲು ಬಿಡುತ್ತಿದ್ದಳು. ಎಷ್ಟು ಬಿಡಬೇಕು, ಯಾವಾಗ ತಡೆಯಬೇಕು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಗುಟುಕು ಇಳಿದ ಮೇಲೆಯೇ ಮುಂದಿನ ಗುಟುಕು. ಕೂಸಿನ ಎದೆಯ ಮೇಲಿನ ಬಟ್ಟೆ ಒದ್ದೆಯಾದದ್ದೇ ಇಲ್ಲ. ನೆರೆಹೊರೆಯ ಹೆಂಗಸರು ಬಂದು ನೋಡಿ ಹೋಗುತ್ತಿದ್ದರು.

ವರ್ಷ ತುಂಬಿತು. ಮಗು ನಡೆಯಲು ಕಲಿಯಿತು. ಅನ್ನ ತಿನ್ನಲು ಕಲಿಯಿತು. ಬಾಯಾರಿದಾಗ ಮಾತ್ರ ತಾನೇ ನಡೆದುಕೊಂಡು ಬಂದು, ಅಜ್ಜಿಯ ಕಾಲ ಮೇಲೆ ಅಂಗಾತ ಮಲಗಿ, ಕೈಗಳೆರಡನ್ನೂ ತಾನೇ ಜೋಡಿಸಿ ಕೊಟ್ಟು, ಬಾಯಿ ತೆರೆಯುತ್ತಿತ್ತು. ಕಾಲುಗಳು ಆಚೆ ನೆಲ ಮುಟ್ಟುತ್ತಿದ್ದವು.

ಎದುರು ಮನೆಯವಳು ಒಂದು ದಿನ ನಿಂತು ನೋಡಿದಳು. “ಅಕ್ಕಾ, ಮದುವೆಗೂ ಹೀಗೇ ಮಲಗಿಸಿ ಬಾಸಿಂಗ ಕಟ್ಟುತ್ತೀಯೋ ಹೇಗೆ?” ಎಂದಳು.

“ಕಟ್ಟುತ್ತೇನೆ. ನಿನಗೆ ಊಟಕ್ಕೆ ಹೇಳುವುದಿಲ್ಲ,” ಎಂದಳು ಆಕೆ. ಹನಿ ಬೀಳಲಿಲ್ಲ.

ಬೇಸಿಗೆ ಬಂತು. ಒಂದು ಬೆಳಗ್ಗೆ ಅತ್ತೆ ಎಮ್ಮೆಗೆ ನೀರು ತೋರಿಸಲು ಹೋದಾಗ ಅದು ಏನೋ ಕಂಡು ಬೆದರಿ ಹಗ್ಗ ಜಗ್ಗಿತು. ಹಗ್ಗ ಆಕೆಯ ಕೈಗೆ ಸುತ್ತಿಕೊಂಡಿತ್ತು. ಬಲ ಮಣಿಕಟ್ಟು ಉಳುಕಿ ಊದಿಕೊಂಡಿತು. ನಾಟಿ ವೈದ್ಯ ಪಟ್ಟಿ ಕಟ್ಟಿ, ಇದು ಇಳಿಯುವ ತನಕ ಈ ಕೈಯನ್ನು ಮರೆತುಬಿಡು ಎಂದು ಹೇಳಿ ಹೋದ.

ಮಧ್ಯಾಹ್ನ ಮಗು ಬಂದು ಕಾಲ ಮೇಲೆ ಮಲಗಿ ಬಾಯಿ ತೆರೆಯಿತು. ಎಡಗೈಯಲ್ಲಿ ಕೂಸಿಗೆ ಹಾಲು ಹಾಕಲು ಆಕೆಗೆ ಮನಸ್ಸು ಬರಲಿಲ್ಲ. ಪೇಟೆಯಿಂದ ಬಂದ ಸೊಸೆ ಒಳಲೆ ತೆಗೆದುಕೊಂಡಳು. ಅವಳ ಕೈಯ ಓಟವೇ ಬೇರೆ. ಹಾಲು ನೆತ್ತಿಗೇರಿ ಮಗು ಕೆಮ್ಮಿತು. ಹೆದರಿ ಬಾಯಿ ಬಿಗಿಯಿತು. ಲೋಟದಲ್ಲಿ ಕೊಟ್ಟರು. ಅದರ ಅಂಚನ್ನು ಕಚ್ಚಿ ಹಿಡಿದು ಸುಮ್ಮನೆ ನೋಡಿತು. ಹಾಲು ಬೇಡವೆಂದು ನೀರು ಕೊಟ್ಟರು. ಅದಕ್ಕೂ ಅಷ್ಟೆ. ಸಂಜೆಯ ಹೊತ್ತಿಗೆ ತುಟಿ ಒಣಗಿತು. ಮಗು ಚಾಪೆಯ ಮೇಲೆ ಅಂಗಾತ ಬಿದ್ದು, ಬಾಯಿ ತೆರೆದು ಅತ್ತಿತು. ನೀರಿನ ಲೋಟ ಅದರ ಪಕ್ಕದಲ್ಲೇ ಇತ್ತು.

“ಇಷ್ಟು ದಿನ ಗಟಗಟ ಕುಡಿಯುತ್ತಿದ್ದವನಿಗೆ ಈಗೇನು ಬಂತು?” ಎಂದಳು ಅತ್ತೆ.

ಸೊಸೆ ಜೋರು ಮಾತಿನವಳಲ್ಲ. ಅಂದು ಹೇಳಿದಳು: “ಅತ್ತೆ, ನೀವು ಕುಡಿಸಿದಿರಿ. ಅವನು ಯಾವತ್ತೂ ಕುಡಿದೇ ಇಲ್ಲ.”

ಅಡವಯ್ಯ ತನ್ನ ಶಲ್ಯದ ಅಂಚನ್ನು ಸರಿಮಾಡಿಕೊಂಡ. ಅಜ್ಜನವರು ಅವನ ಕಡೆ ನೋಡದೆ ಮುಂದುವರಿಸಿದರು.

ಮಲ್ಲಿನ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಬಾಯಿಗೆ ಹಿಂಡಿ ಹಿಂಡಿ ಹೇಗೋ ಆ ದಿನಗಳನ್ನು ಕಳೆದರು. ಸೊಸೆ ಮನೆಯಲ್ಲೇ ಉಳಿದಳು; ಮೊಸರು ಪೇಟೆಗೆ ಹೋಗಲಿಲ್ಲ, ಹುಳಿಯಾಯಿತು. ಪಟ್ಟಿ ಬಿಚ್ಚಿದ ದಿನವೇ ಅತ್ತೆ ಸೀಳು ಬಿಟ್ಟ ಒಂದು ಕಂಚಿನ ತಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಂಚುಗಾರನ ಬಳಿ ಹೋದಳು.

“ಇದನ್ನು ಕರಗಿಸಿ ಒಂದು ಸಣ್ಣ ಗಿಂಡಿ ಮಾಡಿಕೊಡು. ಮೇಲೆ ಮುಚ್ಚಳ, ಬದಿಗೆ ಸಣ್ಣ ಮೂತಿ. ಯಾರು ಹಿಡಿದು ಹಾಕಿದರೂ ಕೂಸು ಕುಡಿಯಬೇಕು. ಹನಿ ಆಚೆ ಬೀಳಬಾರದು.”

“ಎರಡು ಕಡೆ ಕಿವಿ ಇಡಲೋ?”

“ಕಿವಿ ಯಾಕೆ?”

“ಕೂಸು ಹಿಡಿದುಕೊಳ್ಳುವುದಕ್ಕೆ.”

“ಕೂಸು ಹಿಡಿದುಕೊಂಡರೆ ಚೆಲ್ಲುತ್ತದೆ. ಹಿಡಿಯುವವರು ನಾವಿದ್ದೇವೆ.”

ಕಂಚುಗಾರನಿಗೂ ಒಳ್ಳೆಯದೇ ಆಯಿತು. ತಟ್ಟೆಯ ಕಂಚು ಗಿಂಡಿಯ ಮೈಗೆ, ಮುಚ್ಚಳಕ್ಕೆ, ಮೂತಿಗೆ ಸರಿಹೋಯಿತು, ಮಿಗಲಿಲ್ಲ. ಗಿಂಡಿ ಬೇಲದಕಾಯಿಯ ಹಾಗೆ ದುಂಡಗೆ, ನುಣ್ಣಗೆ ಬಂತು.

ಮನೆಗೆ ತಂದ ಮೇಲೆ ಎಲ್ಲವೂ ಮೊದಲಿನಂತೆಯೇ ನಡೆಯಿತು. ಮಗು ಬಂದು ಮಲಗುತ್ತಿತ್ತು, ಬಾಯಿ ತೆರೆಯುತ್ತಿತ್ತು, ಆಕೆ ಗಿಂಡಿ ಬಗ್ಗಿಸುತ್ತಿದ್ದಳು. ಬಟ್ಟೆ ಮತ್ತೆ ಒಣಗಿಯೇ ಇರತೊಡಗಿತು. ಒಳಲೆ ಗೂಡು ಸೇರಿತು. ಆಕೆಗೆ ನೆಮ್ಮದಿಯಾಯಿತು.

“ಆಯಿತಲ್ಲ,” ಎಂದ ಅಡವಯ್ಯ.

“ಪಾತ್ರೆ ಬೇರೆಯಾಯಿತು,” ಎಂದರು ಅಜ್ಜನವರು.

ಒಂದು ಮಧ್ಯಾಹ್ನ ಅತ್ತೆ ಒಲೆಯ ಮುಂದಿದ್ದಳು. ಸೊಸೆ ಗಿಂಡಿಗೆ ನೀರು ತುಂಬಿ ಅಂಗಳದ ಕಲ್ಲಿನ ಮೇಲಿಟ್ಟು ಬಟ್ಟೆ ಒಣಗಿಸಲು ಹೋಗಿದ್ದಳು. ಅತ್ತೆ ಬಾಗಿಲಿನಿಂದ ನೋಡಿದಳು. ಮಗು ಗಿಂಡಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತಿತ್ತು. ಎರಡೂ ಅಂಗೈಗಳಿಂದ ಅದರ ಹೊಟ್ಟೆಯನ್ನು ತಬ್ಬಿತು. ಎತ್ತಿತು. ಗಿಂಡಿ ಜಾರಿತು. ಮತ್ತೆ ತಬ್ಬಿತು, ಅಂಗೈ ದುಂಡನೆಯ ಮೈಮೇಲೆ ಸುತ್ತಲೂ ಹುಡುಕಿತು. ಹಿಡಿಯುವುದಕ್ಕೆ ಏನೂ ಸಿಗಲಿಲ್ಲ. ಗಿಂಡಿ ಉರುಳಿಹೋಗಿ ನೀರು ಕಲ್ಲಿನ ಮೇಲೆ ಹರಿಯಿತು. ಆಕೆ ಅಯ್ಯೋ ಎಂದು ಒಂದು ಹೆಜ್ಜೆ ಮುಂದಿಟ್ಟಳು.

ಮಗು ಅಳಲಿಲ್ಲ. ಬಾಗಿ, ಕಲ್ಲಿನ ಕುಳಿಯಲ್ಲಿ ನಿಂತ ನೀರಿಗೆ ತುಟಿಯಿಟ್ಟು, ಹೀರಿತು.

ಆಕೆ ಅಲ್ಲೇ ನಿಂತಳು. ಮೊಮ್ಮಗ ನೀರು ಕುಡಿದದ್ದನ್ನು ಆಕೆ ನೋಡಿದ್ದು ಅದೇ ಮೊದಲು. ಕರು ಕುಡಿಯುವ ಹಾಗೆ ಕುಡಿಯುತ್ತಿದ್ದ.

ಸಂಜೆ ಗಿಂಡಿ ಹಿಡಿದು ಮತ್ತೆ ಕಂಚುಗಾರನ ಬಳಿ ಹೋದಳು.

“ಏನವ್ವಾ, ಸೋರುತ್ತದೆಯೇ?”

“ಸೋರುವುದಿಲ್ಲ. ಇದಕ್ಕೆ ಕಿವಿ ಹಚ್ಚಿಕೊಡು.”

“ಅಂದೇ ಕೇಳಿದ್ದೆನಲ್ಲ. ಈಗ ಬೇರೆ ಕಂಚು ಬೇಕಾಗುತ್ತದೆ.”

ಆಕೆ ಸೆರಗಿನ ಗಂಟು ಬಿಚ್ಚಿ, ಒಳಗಿದ್ದುದನ್ನು ಅವನ ಮುಂದಿಟ್ಟಳು. ಅವನು ಅದನ್ನು ಎತ್ತಿ ತೂಗಿ ನೋಡಲಿಲ್ಲ. ಆಕೆಯ ಮುಖ ನೋಡಿದ.

“ಇದನ್ನೇ?”

“ಇದನ್ನೇ.”

“ಕರಗಿದ ಮೇಲೆ ಮತ್ತೆ ಬೇಕೆಂದರೆ ಬರುವುದಿಲ್ಲ, ನೋಡು.”

“ಗೊತ್ತು. ಒಲೆಗೆ ಹಾಕು. ನಾನು ಕೂತು ನೋಡಿಯೇ ಹೋಗುತ್ತೇನೆ.”

ಮಾರನೆಯ ಬೆಳಗ್ಗೆ ಗಿಂಡಿಗೆ ಹಾಲು ತುಂಬಿ, ಮುಚ್ಚಳ ಹಾಕಿ ಅಂಗಳದ ಕಲ್ಲಿನ ಮೇಲಿಟ್ಟಳು. ತಾನು ಬಾಗಿಲ ಬಳಿ ಕುಳಿತಳು. ಕಾಲು ಚಾಚಲಿಲ್ಲ, ಮಡಿಸಿಕೊಂಡಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಮಗು ಮೊದಲು ಅಜ್ಜಿಯ ಬಳಿ ಬಂತು. ಮಲಗಲು ಜಾಗ ಕಾಣಲಿಲ್ಲ. ಗಿಂಡಿಯ ಬಳಿ ಹೋಯಿತು. ಎರಡು ಕಿವಿಗಳನ್ನೂ ಹಿಡಿದು ಎತ್ತಿತು, ಗಿಂಡಿ ಜಾರಲಿಲ್ಲ. ಮೊದಲು ಹಾಲು ಹಣೆಯ ಮೇಲೆ ಸುರಿಯಿತು. ಆಮೇಲೆ ಕತ್ತಿನ ಮೇಲೆ. ಒಮ್ಮೆ ಮೂತಿ ಮೂಗಿಗೆ ಹೋಯಿತು. ಮಗು ಸೀನಿ, ಮೂತಿಯನ್ನು ದಿಟ್ಟಿಸಿ ನೋಡಿ, ಬೈಯುವ ದನಿಯಲ್ಲಿ ಏನೋ ಹೇಳಿತು. ಹೊಟ್ಟೆಯ ಮೇಲಿಂದ ಹಾಲು ಧಾರೆಯಾಗಿ ಇಳಿಯುತ್ತಿತ್ತು. ಒಂದೊಂದು ಹನಿ ಬಿದ್ದಾಗಲೂ ಸೆರಗಿನೊಳಗೆ ಆಕೆಯ ಬೆರಳುಗಳು ಆಡುತ್ತಿದ್ದವು. ಆಕೆ ಕೈ ಹೊರಗೆ ತೆಗೆಯಲಿಲ್ಲ.

ಕೊನೆಗೆ ಮೂತಿ ಬಾಯಿಗೆ ಸಿಕ್ಕಿತು. ಮಗು ಹೀರಿತು. ನಿಲ್ಲಿಸಿತು. ಗುಟುಕು ಎಲ್ಲಿಂದ ಬಂತೆಂದು ಸುತ್ತಲೂ ನೋಡಿತು. ಹಿಂದೆ ಯಾರೂ ಇರಲಿಲ್ಲ. ಮತ್ತೆ ಹೀರಿತು. ಸಾಕಾದ ಮೇಲೆ ಗಿಂಡಿಯನ್ನು ಅಡ್ಡ ಕೆಡವಿ, ಸಂತೆ ಮುಗಿಸಿ ಬಂದವನ ಹಾಗೆ ಅಂಗೈಯಿಂದ ಬಾಯಿ ಒರೆಸಿಕೊಂಡು, ಎಮ್ಮೆಯ ಕಡೆ ನಡೆಯಿತು.

ಎದುರು ಮನೆಯವಳು ಅಂಗಳ ನೋಡಿ ನಿಂತಳು. “ಇದೇನಕ್ಕಾ, ನಿನ್ನ ಮನೆಯಲ್ಲಿ ಹಾಲು ಚೆಲ್ಲಿತೇ?”

“ಇಲ್ಲ. ಮೊಮ್ಮಗ ಕುಡಿದ,” ಎಂದು ಆಕೆ ಒರೆಸುವ ಬಟ್ಟೆ ತರಲು ಎದ್ದಳು.

ಅಜ್ಜನವರು ಕತೆ ನಿಲ್ಲಿಸಿದರು. ಹೊರಗೆ ಅಂಗಳದ ಮಣ್ಣಿನ ಮೇಲೆ ಒಂದೆರಡು ಹನಿ ಬಿದ್ದಿದ್ದವು. ಅಡವಯ್ಯನ ಮುಖ ತಿಳಿಯಾಗಿತ್ತು. ತನಗೆ ಬೇಕಾದುದು ಸಿಕ್ಕಿತೆಂದು ಅವನಿಗೆ ಅನಿಸಿತ್ತು.

“ಹಾಗಾದರೆ ಸರಿ. ಸಂಜೆ ನಾನೂ ಸೆರಗಿನಲ್ಲಿ ಕೈ ಸುತ್ತಿಕೊಂಡವಳ ಹಾಗೆ ಹಿಂದೆ ಕೂರುತ್ತೇನೆ. ತೀರಾ ಬೇಕಾದರೆ ಮಾತ್ರ ಒಂದು ಪದ ಎತ್ತಿಕೊಡುತ್ತೇನೆ.”

ಅಜ್ಜನವರು ಅಂಗಳದಲ್ಲಿ ಬೀಳುತ್ತಿದ್ದ ಹನಿಗಳ ಕಡೆ ನೋಡಿದರು.

ಅಡವಯ್ಯ ನಮಸ್ಕರಿಸಿ ಎದ್ದ. ಬಾಗಿಲ ತನಕ ಹೋದವನು ಏನೋ ನೆನಪಾಗಿ ತಿರುಗಿ ಬಂದ.

“ಒಂದು ಕೇಳುವುದು ಉಳಿಯಿತು. ತಟ್ಟೆಯ ಕಂಚು ಗಿಂಡಿಗೇ ಸರಿಹೋಗಿತ್ತು, ಮಿಕ್ಕಿರಲಿಲ್ಲ. ಆ ಕಿವಿಗಳಿಗೆ ಆಕೆ ಕೊಟ್ಟದ್ದೇನು?”

“ಒಳಲೆ,” ಎಂದರು ಅಜ್ಜನವರು. “ಬಾಯಿಗೆ ಹುಯ್ಯುತ್ತಿದ್ದದ್ದೇ ಕರಗಿ ಎರಡು ಕಿವಿಯಾಯಿತು.”