ಅಂಗಳದಲ್ಲಿ ಕೂತ ಮಗು

"ಬುದ್ಧಿ, ಇಷ್ಟು ಚಿಕ್ಕ ಮಕ್ಕಳಿಗೆ ಗುಲಾಮಗಿರಿಯ ಪಾಠ ಹೇಗೆ ಮಾಡಲಿ?" ಎಂದು ಕೊಟ್ರೇಶ ಗುರುಗಳನ್ನು ಕೇಳಿದ. ಅವನು ನಾಲ್ಕನೆಯ ತರಗತಿಯ ಮೇಷ್ಟ್ರು. ಮನುಷ್ಯರನ್ನು ಸಂತೆಯಲ್ಲಿ ಮಾರುತ್ತಿದ್ದರು ಎಂದು ಆ ಮುಖಗಳಿಗೆ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಪ್ರತಿ ವರ್ಷವೂ ಆ ಪಾಠ ಹಾರಿಸಿ ಮುಂದಿನದಕ್ಕೆ ಹೋಗುತ್ತಿದ್ದ. "ಎಳೆಯ ಮನಸ್ಸುಗಳು, ನೊಂದುಕೊಳ್ಳುತ್ತವೆ. ಈ ಸಲವೂ ಬಿಟ್ಟುಬಿಡಲೇ?"

ಗುರುಗಳು ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ತಂದೆ ಮನೆಗೆಲಸಕ್ಕೆ ಗುಲಾಮರನ್ನು ಕೊಂಡು ತಂದಿದ್ದ. ವರ್ತಕ ಒಳ್ಳೆಯವನು. ಯಜಮಾನಿಕೆ ಕೈಗೆ ಬಂದ ದಿನವೇ ಅವರನ್ನೆಲ್ಲ ಬಿಡುಗಡೆ ಮಾಡಿದ. "ಇನ್ನು ಈ ಮನೆಯಲ್ಲಿ ಆ ಸುದ್ದಿ ಯಾರೂ ಎತ್ತಕೂಡದು. ಮಕ್ಕಳ ಕಿವಿಗಂತೂ ಬೀಳಲೇಬಾರದು" ಎಂದು ಅಪ್ಪಣೆ ಮಾಡಿದ. ಮನೆಯವರು ಬಾಯಿಗೆ ಬೀಗ ಹಾಕಿಕೊಂಡರು. ಕೈಯನ್ನು ಮಾತ್ರ ಮರೆತರು. ಬಿಡುಗಡೆಯಾದವರು ಕೂಲಿಗೆ ಬಂದು ನೀರು ಕೇಳಿದರೆ ಚೊಂಬು ಕೊಡುತ್ತಿರಲಿಲ್ಲ; ಹಿಂದಿನಂತೆಯೇ ಅಂಗಳದಲ್ಲಿ ಕೂರಿಸಿ, ಜಗಲಿಯ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ರೂಢಿಯಾಗಿಬಿಟ್ಟಿತ್ತು ನೋಡಿ, ಯಾರ ಕಣ್ಣಿಗೂ ಅದು ಬೀಳಲಿಲ್ಲ.

ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ ವರ್ತಕನ ಮೊಮ್ಮಕ್ಕಳು ಮನೆಯಾಟ ಆಡುತ್ತಿದ್ದರು. ಹಿಂದೆ ಗುಲಾಮಳಾಗಿದ್ದವಳೊಬ್ಬಳ ಮೊಮ್ಮಗಳೂ ಜೊತೆಗಿದ್ದಳು. ಆಟದಲ್ಲಿ ನೀರು ಕುಡಿಯುವ ಹೊತ್ತು ಬಂತು. ಉಳಿದವರೆಲ್ಲ ಜಗಲಿ ಹತ್ತಿದರು. ಈ ಹುಡುಗಿ ತಾನಾಗಿಯೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದಳು.

ಅದು ವರ್ತಕನ ಕಣ್ಣಿಗೆ ಬಿತ್ತು. ಓಡಿಬಂದು, "ಅಲ್ಲಿ ಕೂರು ಅಂತ ನಿನಗೆ ಯಾರು ಹೇಳಿದರು ಮಗಾ?" ಎಂದ.

"ಯಾರೂ ಹೇಳಲಿಲ್ಲ. ದೇವರು ನಮ್ಮನ್ನ ಮಾಡಿರೋದೇ ಹಿಂಗಲ್ವಾ ಧಣಿ?" ಎಂದು ಹುಡುಗಿ ನಕ್ಕಳು.

ತನ್ನವರನ್ನು ಒಬ್ಬ ಮನುಷ್ಯ ಕೊಂಡು ತಂದಿದ್ದ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಕತೆ ಮುಗಿಯಿತು. ಆದರೂ ಕೊಟ್ರೇಶ ಹಟ ಬಿಡಲಿಲ್ಲ. "ಪಾಠ ಮಾಡಿದರೆ ಮಕ್ಕಳಿಗೆ ನೋವಾಗುವುದಂತೂ ನಿಜ ತಾನೇ, ಬುದ್ಧಿ?" ಎಂದ.

ಗುರುಗಳು ತಿರುಗಿ ಕೇಳಿದರು:

"ಜಗಲಿಯ ಮೇಲಿನ ಮಗು ನೊಂದೀತು ಅಂತ, ಅಂಗಳದ ಮಗುವನ್ನು ಹಾಗೇ ಕೂರಿಸಿಡುತ್ತೀರಾ, ಮೇಷ್ಟ್ರೇ?"