ತಂಗೆವ್ವ ತೋರಿಸಿದ ಗೀಟು

ಗುರುಸಿದ್ಧ ಕೇಳಿದ: "ಗುರುಗಳೇ, ಮರುಳಯ್ಯನ ಉಬ್ಬಸ ಎಷ್ಟಿದೆ ಎಂಬುದನ್ನು ಅವನ ಎದೆಯ ಸದ್ದೇ ಹೇಳುತ್ತದೆ. ಆದರೂ ತಾವು ದಿನವೂ ಬೆಳಿಗ್ಗೆ ಅವನನ್ನು ಕೂರಿಸಿಕೊಂಡು ಎಷ್ಟು ಮೆಟ್ಟಿಲು ಹತ್ತಿದೆ, ಎಲ್ಲಿ ನಿಂತೆ, ಊಟ ರುಚಿಸಿತೇ ಎಂದು ಕೇಳುತ್ತೀರಿ. ಮದ್ದು ಕೊಡುವುದಕ್ಕೆ ಇಷ್ಟೆಲ್ಲ ಕೇಳಬೇಕೇ?"

ಗುರುಸಿದ್ಧ ಶಿಷ್ಯನಾಗಿ ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಕಿರಿಯ ಶಿಷ್ಯ ಮರುಳಯ್ಯ ಬಂದದ್ದು ಹಿಂದಿನ ಮಳೆಗಾಲದಲ್ಲಿ. ಈ ಪ್ರಶ್ನೆಯನ್ನು ಗುರುಸಿದ್ಧ ಹಲವು ದಿನಗಳಿಂದ ಒಳಗೇ ಇಟ್ಟುಕೊಂಡಿದ್ದ. ಗುರುಗಳು ಓದುತ್ತಿದ್ದ ಹೊತ್ತಗೆಯನ್ನು ಮಡಚಿಟ್ಟರು. ಕುಳಿತುಕೋ ಎಂದು ಹೇಳಿ, ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿಯ ಹೆಸರು ತಂಗೆವ್ವ. ಅವರಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನು ಮಗ್ಗದ ಮುಂದೆ ಕುಳಿತು ನೇಯುತ್ತಿದ್ದ. ಅವಳು ಅವನ ಪಕ್ಕದಲ್ಲಿ ಕುಳಿತು, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ತನ್ನ ಹೆಂಡತಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ತನಗೆ ಮಾತು ಬೇಕಿಲ್ಲ ಎಂದು ನೇಕಾರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಒಂದು ವರ್ಷ ತಂಗೆವ್ವನ ಕೈಗಳ ಗೆಣ್ಣುಗಳು ಊದಿಕೊಂಡವು. ಊರಿನ ಮದ್ದಿಗೆ ಇಳಿಯಲಿಲ್ಲ. ಆಮೇಲೆ ಮೊಣಕಾಲು ಊದಿಕೊಂಡಿತು. ನೇಕಾರ ಗಾಡಿ ಕಟ್ಟಿ, ಮೂರು ಹರಿದಾರಿ ದೂರದಲ್ಲಿದ್ದ ವೈದ್ಯನ ಬಳಿಗೆ ಅವಳನ್ನು ಕರೆದೊಯ್ದ.

ವೈದ್ಯ ಎಪ್ಪತ್ತು ದಾಟಿದವನು. ಅವನು ನಾಡಿ ಹಿಡಿದು ನೋಡಿದ, ಗೆಣ್ಣುಗಳನ್ನು ಒತ್ತಿ ನೋಡಿದ. ಇದು ಸಂಧಿವಾತ, ಜೊತೆಗೇ ಇರುತ್ತದೆ, ಬುಡಸಮೇತ ಕೀಳಲು ಬರುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದು ಹೇಳಿದ. ಆಮೇಲೆ ಒಂದು ಹಲಗೆಯನ್ನು ಅವಳ ಮುಂದೆ ಇಟ್ಟ. ಅದರ ಮೇಲೆ ಹತ್ತು ಗೀಟುಗಳಿದ್ದವು. ಮೊದಲನೆಯ ಗೀಟು ಎಂದರೆ ಇದೆಯೋ ಇಲ್ಲವೋ ಎನ್ನುವಂಥ ನೋವು. ಹತ್ತನೆಯದು ಎಂದರೆ ತಡೆಯಲಾಗದ ನೋವು. ಈ ಹದಿನೈದು ದಿನ ನಿನ್ನ ನೋವು ಎಲ್ಲಿತ್ತು, ಬೆರಳಿಟ್ಟು ತೋರಿಸು ಎಂದ.

ನೇಕಾರ ತಾನೇ ಮುಂದೆ ಬಂದು, ನಾಲ್ಕೋ ಐದೋ ಇರಬಹುದು ಎಂದ. ವೈದ್ಯ ಅವನತ್ತ ತಿರುಗದೆ ಅವಳನ್ನೇ ನೋಡುತ್ತ ಕಾದ. ತಂಗೆವ್ವ ಎಂಟನೆಯ ಗೀಟಿನ ಮೇಲೆ ಬೆರಳಿಟ್ಟಳು.

ಆಮೇಲೆ ವೈದ್ಯ ಒಂದೊಂದಾಗಿ ಕೇಳಿದ. ಬೆಳಿಗ್ಗೆ ಎದ್ದ ಮೇಲೆ ಬೆರಳು ಮಡಚಲು ಎಷ್ಟು ಹೊತ್ತು ಬೇಕಾಗುತ್ತದೆ? ಬಿಸಿಲು ಬಾವಿಕಟ್ಟೆಗೆ ಬರುವವರೆಗೆ ಎಂದಳು. ನಿನ್ನ ಜಡೆ ಹಾಕುವವರು ಯಾರು? ಯುಗಾದಿಯಿಂದ ತನಗೆ ಆಗುತ್ತಿಲ್ಲ, ನೀರಿಗೆ ಹೋದಾಗ ಪಕ್ಕದ ಮನೆಯವಳು ಹಾಕಿಕೊಡುತ್ತಾಳೆ ಎಂದಳು. ಆಸೆಯಿದ್ದೂ ಮಾಡದೆ ಬಿಟ್ಟದ್ದು ಏನಾದರೂ ಇದೆಯೇ? ಅಂಗಳದಲ್ಲಿ ರಂಗೋಲಿ ಹಾಕುವುದು ಎಂದಳು. ಈಗ ಬರೀ ಸಗಣಿ ನೀರು ಚಿಮುಕಿಸಿ ಒಳಗೆ ಬರುತ್ತೇನೆ ಎಂದಳು. ವೈದ್ಯ ಎಲ್ಲವನ್ನೂ ಅವಳ ಮಾತಿನಲ್ಲೇ ಬರೆದುಕೊಂಡ.

ಇಷ್ಟು ಬರೆಯುವುದು ಏಕೆ ಎಂದು ನೇಕಾರ ಕೇಳಿದ. ಊತ ನನ್ನ ಕಣ್ಣಿಗೆ ಕಾಣುತ್ತದೆ, ನೋವು ಅವಳೊಬ್ಬಳಿಗೇ ಗೊತ್ತು ಎಂದ ವೈದ್ಯ. ಇದೇ ಊತ ಇರುವ ಇನ್ನೊಬ್ಬಳು ಇಲ್ಲಿಗೆ ಬರುತ್ತಾಳೆ, ಅವಳು ಈಗಲೂ ಭತ್ತ ಕುಟ್ಟುತ್ತಾಳೆ, ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಒಬ್ಬಳಿಗೆ ತಪ್ಪು ಮಾಡಿದಂತಾಗುತ್ತದೆ ಎಂದ.

ಗಾಡಿಯಲ್ಲಿ ಹಿಂತಿರುಗುವಾಗ ನೇಕಾರ ಒಂದನ್ನೇ ಯೋಚಿಸುತ್ತಿದ್ದ. ಯುಗಾದಿಯಿಂದ ಅವಳ ಜಡೆಯನ್ನು ಬೇರೆಯವರು ಹಾಕುತ್ತಿದ್ದಾರೆ. ಆ ಜಡೆಯನ್ನು ಅವನು ದಿನವೂ ನೋಡುತ್ತಿದ್ದ. ಅದು ಪಕ್ಕದ ಮನೆಯವಳಿಗೆ ಗೊತ್ತಿತ್ತು, ಈಗ ವೈದ್ಯನಿಗೂ ಗೊತ್ತಾಯಿತು. ಅವನಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು, ಅದೂ ಪರರ ಮನೆಯ ಜಗಲಿಯ ಮೇಲೆ ಕುಳಿತು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದರು. ವೈದ್ಯ ಅವಳ ಉತ್ತರ ನೋಡಿ ಕಷಾಯವನ್ನು ಹೆಚ್ಚಿಸುತ್ತಿದ್ದ, ಎಣ್ಣೆಯನ್ನು ಬದಲಿಸುತ್ತಿದ್ದ. ಮೂರು ತಿಂಗಳಲ್ಲಿ ಬೆರಳು ಎಂಟರಿಂದ ಐದಕ್ಕೆ ಇಳಿಯಿತು. ಒಂದು ಬೆಳಿಗ್ಗೆ ತಂಗೆವ್ವ ಅಂಗಳದಲ್ಲಿ ನಾಲ್ಕು ಎಳೆ ರಂಗೋಲಿ ಎಳೆದಳು. ನೇಕಾರನಿಗೆ ಸಂತೋಷವಾಗಬೇಕಿತ್ತು. ಇದನ್ನು ಈ ಸಲ ವೈದ್ಯರಿಗೆ ಹೇಳಬೇಕು ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡದ್ದು ಅವನ ಕಿವಿಗೆ ಬಿತ್ತು. ಅವನು ರಂಗೋಲಿಯನ್ನು ತುಳಿಯದೆ ದಾಟಿ ಹೋದ, ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಅವಳು ವೈದ್ಯನಲ್ಲಿಗೆ ಹೋಗುವ ದಿನವನ್ನು ಎಣಿಸುತ್ತಿದ್ದಳು. ವೈದ್ಯನ ಮುಂದೆ ಕುಳಿತರೆ ಮಾತಾಡುತ್ತಿದ್ದಳು, ಕೆಲವೊಮ್ಮೆ ನಗುತ್ತಿದ್ದಳು. ಅಂಗಳದಲ್ಲಿ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ನೇಕಾರನಿಗೆ ಆ ನಗು ಕೇಳಿಸುತ್ತಿತ್ತು. ಹಲ್ಲಿಲ್ಲದ ಮುದುಕನ ಬಗ್ಗೆ ಅವನಿಗೆ ಕೆಟ್ಟ ಅನುಮಾನ ಇರಲಿಲ್ಲ. ಅಂಥ ಅನುಮಾನವಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಇದು ಹೇಳಿಕೊಳ್ಳಲಾಗದ ಉರಿ. ತನ್ನ ಹೆಂಡತಿಯ ನೋವು ತನ್ನ ಮನೆಯಲ್ಲಿ ಹುಟ್ಟಿ ಇನ್ನೊಬ್ಬನ ಕಡತ ಸೇರುತ್ತಿದೆ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಅವನೂ ಒಂದು ಹಲಗೆ ಮಾಡಿದ. ಬೀಟೆ ಮರದ ತುಂಡನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ. ಹತ್ತು ಗೀಟುಗಳನ್ನು ಕೊರೆದ. ವೈದ್ಯನ ಹಲಗೆಗಿಂತ ಅದು ಚೆನ್ನಾಗಿತ್ತು. ಬೆಳಿಗ್ಗೆ ಅವಳು ಏಳುತ್ತಿದ್ದಂತೆ ಅದನ್ನು ಅವಳ ಮುಂದೆ ಹಿಡಿದ. ತಂಗೆವ್ವ ಹಲಗೆಯನ್ನು ನೋಡಿದಳು. ಅವನ ಮುಖವನ್ನು ನೋಡಿದಳು. ಎರಡನೆಯ ಗೀಟಿನ ಮೇಲೆ ಬೆರಳಿಟ್ಟಳು.

ಮರುದಿನ ವೈದ್ಯನ ಮನೆಯಲ್ಲಿ ಅವಳು ಆರನ್ನು ತೋರಿಸಿದಳು.

ನೇಕಾರ ಮನೆಯಲ್ಲಿ ದಿನವೂ ಕೇಳತೊಡಗಿದ. ಅವಳು ದಿನವೂ ಎರಡು ಎಂದಳು, ಒಂದೊಂದು ದಿನ ಒಂದು ಎಂದಳು. ಅಲ್ಲಿಗೆ ಹೋದರೆ ಐದು, ಆರು. ತನ್ನ ಮುಂದೆ ಹೇಳಿದ್ದೇ ನಿಜವೆಂದು ನೇಕಾರ ತೀರ್ಮಾನಿಸಿದ. ಅಲ್ಲಿ ಹೇಳುವುದು ಮುದುಕ ಮರುಗಲಿ ಎಂದು ಹೇಳುವ ಮಾತು. ಕೇಳುವವರಿದ್ದರೆ ಯಾರ ನೋವೂ ದೊಡ್ಡದಾಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಚಳಿಗಾಲ ಬಂತು. ಗಾಡಿಯ ಕುಲುಕಾಟಕ್ಕೆ ನಿನ್ನ ಕಾಲು ಇನ್ನಷ್ಟು ನೋಯುತ್ತದೆ, ನಾನೇ ಹೋಗಿ ಹೇಳಿ ಮದ್ದು ತರುತ್ತೇನೆ ಎಂದು ನೇಕಾರ ಹೇಳಿದ. ತಂಗೆವ್ವ ಬರುತ್ತೇನೆ ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ.

ವೈದ್ಯ ಅವನ ಮುಂದೆ ಅದೇ ಹಲಗೆ ಇಟ್ಟ. ನೇಕಾರ ಎರಡನ್ನು ತೋರಿಸಿದ. ನಿದ್ರೆ ಚೆನ್ನಾಗಿದೆ ಎಂದ. ಕೈ ಆಡುತ್ತದೆ ಎಂದ. ಜಡೆಯನ್ನು ಅವಳೇ ಹಾಕಿಕೊಳ್ಳುತ್ತಾಳೆ ಎಂದ. ಅದನ್ನು ಅವನು ಅವಳಿಂದ ಕೇಳಿಯೂ ಇರಲಿಲ್ಲ. ಮುಂದಿನ ಸಲ ಅವಳನ್ನು ಕರೆದುಕೊಂಡು ಬಾ ಎಂದು ಹೇಳಿ, ವೈದ್ಯ ಕಷಾಯವನ್ನು ಅರ್ಧಕ್ಕೆ ಇಳಿಸಿದ. ಮುಂದಿನ ಸಲವೂ ನೇಕಾರ ಒಬ್ಬನೇ ಹೋದ. ಅದರ ಮುಂದಿನ ಸಲವೂ ಒಬ್ಬನೇ ಹೋದ. ಕಷಾಯ ಅರ್ಧದ ಅರ್ಧವಾಯಿತು. ಬರುವ ದಾರಿಯಲ್ಲಿ ಅವನ ಮನಸ್ಸು ಹಗುರವಾಗಿರುತ್ತಿತ್ತು.

ಮದ್ದು ಏಕೆ ಕಡಿಮೆಯಾಯಿತು ಎಂದು ತಂಗೆವ್ವ ಕೇಳಲಿಲ್ಲ. ವೈದ್ಯರು ತಿಳಿದೇ ಕೊಟ್ಟಿರುತ್ತಾರೆ ಎಂದುಕೊಂಡಳು. ರಂಗೋಲಿ ನಿಂತಿತು. ಕಂಡಿಕೆ ಸುತ್ತುವಾಗ ನೂಲು ಕೈ ತಪ್ಪತೊಡಗಿತು. ನೇಕಾರ ಅದನ್ನು ನೋಡಿದ. ಕೇಳಿದಾಗ ಅವಳು ಎರಡು ಎಂದಳು. ಅವನಿಗೆ ಬೇಕಾದ ಉತ್ತರ ಅದೇ ಆಗಿದ್ದರಿಂದ ಇನ್ನೊಂದು ಸಲ ಕೇಳಲಿಲ್ಲ.

ಒಂದು ಬೆಳಿಗ್ಗೆ ಅವಳು ಚೊಂಬು ಎತ್ತಲು ಹೋದಳು. ಬೆರಳುಗಳು ಮುಚ್ಚಲಿಲ್ಲ. ಎರಡೂ ಅಂಗೈ ಸೇರಿಸಿ ಎತ್ತಿದಳು. ಚೊಂಬು ಜಾರಿತು. ಅವಳು ಒದ್ದೆಯಾದ ನೆಲದ ಮೇಲೆ ಕುಳಿತಳು, ಮತ್ತೆ ಏಳಲು ಆಗಲಿಲ್ಲ. ಮೈ ಕಾದಿತ್ತು. ನೇಕಾರ ಅವಳನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದ.

ವೈದ್ಯ ಅವಳ ಕೈಗಳನ್ನು ನೋಡಿದ. ಕಡತ ತೆಗೆದು ಕೊನೆಯ ಮೂರು ಸಲದ ಬರಹ ನೋಡಿದ. ಎರಡು, ಎರಡು, ಒಂದು. ಅವಳಿಗೆ ಕೇಳಿಸುವಂತೆ ಅದನ್ನು ಓದಿದ. ಇದು ನೀನು ಹೇಳಿದ್ದೇ ಎಂದು ಕೇಳಿದ.

ತಂಗೆವ್ವ ಗಂಡನ ಕಡೆ ನೋಡಿದಳು. ಹೌದು ಎಂದುಬಿಡಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನೇಕಾರ ಹೇಳಿದ:

"ಅದು ನಾನು ಹೇಳಿದ್ದು. ನನಗೆ ಅವಳು ಎರಡಕ್ಕಿಂತ ಹೆಚ್ಚು ಎಂದೂ ಹೇಳಲಿಲ್ಲ. ನಿಮಗೆ ಮಾತ್ರ ಆರು ಹೇಳುತ್ತಿದ್ದಳು. ಇಪ್ಪತ್ತೆರಡು ವರ್ಷ ಜೊತೆಗಿದ್ದವನು ನಾನು."

ತಂಗೆವ್ವ ಮಲಗಿದ್ದಲ್ಲಿಂದಲೇ ಮಾತಾಡಿದಳು. ದನಿ ಏರಿಸಲಿಲ್ಲ.

"ಮೊದಲು ಕೈ ಊದಿದಾಗ ನಿಮಗೇ ಹೇಳಿದೆ. ಆವತ್ತು ನೀವು ಊಟ ಬಿಟ್ಟಿರಿ. ಎರಡು ದಿನ ಮಗ್ಗಕ್ಕೆ ಕೂರಲಿಲ್ಲ. ನಾನೇನು ಪಾಪ ಮಾಡಿದ್ದೆ ಎಂದು ಅತ್ತಿರಿ. ನನ್ನ ಕೈ ಉರಿಯುತ್ತಿತ್ತು, ನಾನು ನಿಮ್ಮ ಬೆನ್ನು ಸವರುತ್ತ ಕುಳಿತಿದ್ದೆ. ಇವರಿಗೆ ಆರು ಅಂದರೆ ಆರು ಎಂದು ಬರೆದುಕೊಳ್ಳುತ್ತಾರೆ. ನಿಮಗೆ ಆರು ಅಂದರೆ ನಿಮ್ಮದನ್ನೂ ನಾನೇ ಹೊರಬೇಕು."

ವೈದ್ಯ ಹಲಗೆಯನ್ನು ಅವಳ ಕೈಗೆ ಎಟುಕುವಲ್ಲಿ ಇಟ್ಟ. ಅವಳು ಒಂಬತ್ತನ್ನು ತೋರಿಸಿದಳು.

ಅವರು ಇಪ್ಪತ್ತು ದಿನ ಅಲ್ಲೇ ಉಳಿದರು. ಜ್ವರ ಬಿಟ್ಟಿತು. ಊತ ನಿಧಾನವಾಗಿ ಇಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಆಗಲೇ ಬಂದಿದ್ದರೆ ಉಳಿಯುತ್ತಿದ್ದವೇ ಎಂದು ಅವಳಿಲ್ಲದಾಗ ನೇಕಾರ ವೈದ್ಯನನ್ನು ಕೇಳಿದ. ಉಳಿಯುತ್ತಿದ್ದವು ಎಂದ ವೈದ್ಯ. ಅವನು ಸಮಾಧಾನದ ಮಾತು ಸೇರಿಸಲಿಲ್ಲ.

ಊರಿಗೆ ಬಂದ ಮೇಲೆ ಹಲವು ದಿನ ನೇಕಾರ ಅವಳನ್ನು ಏನೂ ಕೇಳಲಿಲ್ಲ. ಕೇಳಲು ಅವನಿಗೆ ಹೆದರಿಕೆಯಾಗುತ್ತಿತ್ತು. ಒಂದು ಬೆಳಿಗ್ಗೆ, ಹಲಗೆ ಹಿಡಿಯದೆ, ಇವತ್ತು ಎಷ್ಟಿದೆ ಎಂದು ಕೇಳಿದ. ಅವಳು ಬಹಳ ಹೊತ್ತು ಅವನನ್ನು ನೋಡಿ, ಏಳು ಎಂದಳು. ಅವನಿಗೆ ಅಳು ಬಂತು. ಅವನು ಅದನ್ನು ನುಂಗಿಕೊಂಡ. ನೀರು ಕಾಯಿಸಿ ಅವಳ ಕೈ ಅದ್ದಿಸಿದ. ಆಮೇಲೆ ರೊಟ್ಟಿ ತಿಂದು, ಮಗ್ಗಕ್ಕೆ ಕುಳಿತು, ಎಂದಿನಷ್ಟೇ ನೇಯ್ದ. ಸಂಜೆ ಅವನು ಕೇಳದೆಯೇ, ಈಗ ಐದು ಎಂದು ಅವಳು ಹೇಳಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗುರುಸಿದ್ಧ ಕೇಳಿದ: "ಆಮೇಲೆ ಅವನ ಹೊಟ್ಟೆಕಿಚ್ಚು ಹೋಯಿತೇ?"

ಇಲ್ಲ ಎಂದರು ಗುರುಗಳು. ವೈದ್ಯನ ಮುಂದೆ ಕುಳಿತು ಅವಳು ನಕ್ಕಾಗಲೆಲ್ಲ ಅವನಿಗೆ ಉರಿಯುತ್ತಿತ್ತು. ಆದರೂ ಅವನು ಒಂದು ಸಲವೂ ತಪ್ಪಿಸದೆ ಗಾಡಿ ಕಟ್ಟಿದ. ವೈದ್ಯ ಸತ್ತ ಮೇಲೆ, ಅವನ ಜಾಗಕ್ಕೆ ಬಂದವನಿಗೆ ಇವಳನ್ನು ಕೂರಿಸಿಕೊಂಡು ಕೇಳಿ ಎಂದು ಹೇಳಿಕೊಟ್ಟವನೂ ನೇಕಾರನೇ.

ಗುರುಸಿದ್ಧ ಎದ್ದು ನಮಸ್ಕರಿಸಿದ. ಮರುಳಯ್ಯನನ್ನು ಇನ್ನು ಮುಂದೆ ತಾನೂ ಕೇಳುತ್ತೇನೆ ಎಂದು ಹೇಳಿ ಹೊರಡಲು ತಿರುಗಿದ. ಗುರುಗಳು ಅವನ ಕೈ ಹಿಡಿದು ಕೂರಿಸಿದರು.

"ಒಂಬತ್ತು ವರ್ಷದಲ್ಲಿ ನಾನು ನಿನ್ನನ್ನು ಒಮ್ಮೆಯೂ ಕೇಳಿಲ್ಲ ಗುರುಸಿದ್ಧ. ನಿನಗೆ ಎಲ್ಲಿ ನೋಯುತ್ತಿದೆ?"