ಮರ ಹತ್ತಿದ ಜಿಂಕೆ

ಕುಂಬಾರಗುಡ್ಡದ ಕಾಡಿನಲ್ಲಿ ಒಂದು ನೀರಿನ ಹೊಂಡ. ಹೊಂಡದ ದಡದಲ್ಲಿ ಎತ್ತರದ ಒಂದು ಮತ್ತಿಮರ. ಮರದ ಮೇಲೆ ಮುಸುವಗಳು, ಅಂದರೆ ಕರಿ ಮೋರೆಯ, ಮಾರುದ್ದ ಬಾಲದ ಕೋತಿಗಳು. ಮರದ ಕೆಳಗೆ ಚುಕ್ಕೆ ಜಿಂಕೆಗಳು. ಈ ಎರಡು ಮನೆತನಕ್ಕೂ ಮುತ್ತಜ್ಜನ ಕಾಲದಿಂದ ಒಂದು ಒಪ್ಪಂದ. ಮುಸುವಗಳು ಕಣ್ಣಿಂದ ಕಾಯಬೇಕು, ಜಿಂಕೆಗಳು ಮೂಗಿಂದ ಕಾಯಬೇಕು. ಹುಲಿಯ ಸುಳಿವು ಯಾರಿಗೆ ಮೊದಲು ಸಿಕ್ಕರೂ ಅವರು ಕೂಗಬೇಕು.

ಮರದ ತುದಿಕೊಂಬೆ ಕಾವಲುಗಾರನದು. ಅಲ್ಲಿ ಬೇರೆ ಯಾರೂ ಕೂರುವ ಹಾಗಿಲ್ಲ. ಎಳೆ ಚಿಗುರು ಮೊದಲು ಅವನಿಗೇ ಸಲ್ಲಬೇಕು. ಬಹಳ ವರ್ಷಗಳಿಂದ ಅಲ್ಲಿ ಕೂತಿದ್ದವನು ದ್ಯಾವಣ್ಣ. ಅವನು "ಖಾಕ್!" ಎಂದರೆ ಆಚೆ ಗುಡ್ಡದ ನವಿಲು ಕೂಡ ಬೆಚ್ಚಿಬೀಳುತ್ತಿತ್ತು.

ಮಕ್ಕಳೇ, ದ್ಯಾವಣ್ಣನಿಗೆ ವಯಸ್ಸಾಯಿತು. ಕಣ್ಣಿಗೆ ಪೊರೆ ಬಂತು. ಅದರಲ್ಲೇನೂ ವಿಶೇಷವಿಲ್ಲ, ನಿಮ್ಮ ಅಜ್ಜನಿಗೂ ಬಂದಿರಬಹುದು. ಆದರೆ ದ್ಯಾವಣ್ಣ ಒಪ್ಪಬೇಕಲ್ಲ! ಒಪ್ಪಿದರೆ ತುದಿಕೊಂಬೆ ಕೈತಪ್ಪಿ ಹೋಗುತ್ತದೆ ಎಂದು ಅವನ ಎದೆ ಢವಢವ ಅನ್ನುತ್ತಿತ್ತು.

ಸುಡು ಬೇಸಿಗೆಯ ಮಧ್ಯಾಹ್ನ ಕೂತು, "ಈ ವರ್ಷ ಮಂಜು ಜಾಸ್ತಿ," ಎನ್ನುತ್ತಿದ್ದ. ಒಂದು ದಿನ ಹುತ್ತವನ್ನು ನೋಡಿ, "ನಮಸ್ಕಾರ ಕರಡಿರಾಯರೇ," ಎಂದು ಕೈ ಮುಗಿದ. ಹುತ್ತ ಮಾತಾಡಲಿಲ್ಲ. "ಈಗಿನವರಿಗೆ ಮರ್ಯಾದೆಯೇ ಗೊತ್ತಿಲ್ಲ," ಎಂದು ಮುನಿಸಿಕೊಂಡ. ಇನ್ನೊಂದು ದಿನ ಹಲಸಿನಹಣ್ಣು ಎಂದುಕೊಂಡು ಹೆಜ್ಜೇನಿನ ಗೂಡಿಗೇ ಕೈ ಹಾಕಿದ. ಮೋರೆ ಎರಡರಷ್ಟು ಊದಿಕೊಂಡಿತು.

"ಏನಾಯಿತು ದ್ಯಾವಣ್ಣ?" ಎಂದು ಎಲ್ಲರೂ ಕೇಳಿದರು.

"ನಾನೇ ಬೇಕೆಂದು ಕಚ್ಚಿಸಿಕೊಂಡೆ. ಮಂಡಿನೋವಿಗೆ ಒಳ್ಳೆಯದು," ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಎಲ್ಲರೂ ನಕ್ಕರು. ಅವನ ಹೆಂಡತಿ ಬೈರವ್ವ ಮಾತ್ರ ನಗಲಿಲ್ಲ. "ನಿಮ್ಮ ಕಣ್ಣೊಳಗೆ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಗಿದೆ. ಪೊರೆ ಬಂದಿದೆ ಅಂತ ಹೇಳಿಬಿಡಿ. ಕೆಳಗೆ ಅಷ್ಟೊಂದು ಜೀವಗಳು ನಿಮ್ಮನ್ನೇ ನಂಬಿಕೊಂಡಿವೆ," ಎಂದಳು.

"ಸುಮ್ಮನಿರೇ! ನನ್ನ ಹತ್ತಿರ ಲೆಕ್ಕಾಚಾರ ಇದೆ. ಪಟ್ಟೆ ಇದ್ದರೆ ಹುಲಿ, ಚುಕ್ಕೆ ಇದ್ದರೆ ಜಿಂಕೆ. ಇಷ್ಟು ಸಾಲದೇನು?"

ಆ ಕಾಡಿನಲ್ಲಿ ಚಿರತೆ ಕಾಣಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಹಾಗಾಗಿ ಲೆಕ್ಕಾಚಾರ ಸ್ವಲ್ಪ ದಿನ ಸರಿಯಾಗಿಯೇ ನಡೆಯಿತು.

ಒಂದು ಸಂಜೆ ಜಿಂಕೆಗಳು ನೀರಿಗೆ ಬಂದವು. ಮುಂದೆ ಹಿರಿಯಳಾದ ಸಿರಿಯಕ್ಕ. ಅವಳು ಗಕ್ಕನೆ ನಿಂತು ಮೂಗರಳಿಸಿದಳು.

"ದ್ಯಾವಣ್ಣ, ಏನೋ ವಾಸನೆ ಬರ್ತಿದೆ. ಗಾಳಿ ಸರಿಯಾಗಿ ಬೀಸ್ತಿಲ್ಲ, ಎಲ್ಲಿಂದ ಅಂತ ತಿಳೀತಿಲ್ಲ. ಸ್ವಲ್ಪ ನೋಡಿ ಹೇಳಪ್ಪ."

ದ್ಯಾವಣ್ಣ ಕುತ್ತಿಗೆ ಉದ್ದ ಮಾಡಿ ನೋಡಿದ. ಲಂಟಾನದ ಪೊದೆಯ ಪಕ್ಕ ಏನೋ ಅಲುಗಿತು. ಹಳದಿ ಮೈ, ಅದರ ತುಂಬ ಚುಕ್ಕೆ!

"ಹೆದರಬೇಡ ಸಿರಿಯಕ್ಕ. ನಿಮ್ಮವಳೇ ಒಬ್ಬಳು ಹಿಂದೆ ಉಳಿದಿದ್ದಾಳೆ," ಎಂದು ಹೇಳಿ, ಪೊದೆಯ ಕಡೆ ತಿರುಗಿ ಕೂಗಿದ: "ಏ ಹುಡುಗೀ, ಯಾಕಮ್ಮ ತಡ? ಬಾ ಬಾ. ಎಡಗಡೆ ಮುಳ್ಳಿದೆ, ಬಲಗಡೆಯಿಂದ ಬಾ."

ಪೊದೆಯ ಹತ್ತಿರ ಇದ್ದದ್ದು ಚಿರತೆ. ಹುಟ್ಟಿದಂದಿನಿಂದ ಅದನ್ನು ಯಾರೂ ಇಷ್ಟು ಅಕ್ಕರೆಯಿಂದ ಕರೆದಿರಲಿಲ್ಲ. ಬೇರೆ ಯಾರನ್ನಾದರೂ ಕರೆಯುತ್ತಿದ್ದಾನೋ ಎಂದು ಅದು ಹಿಂದಕ್ಕೆ ತಿರುಗಿ ನೋಡಿತು. ಯಾರೂ ಇರಲಿಲ್ಲ. ಆಮೇಲೆ ಗಂಟಲು ಸಣ್ಣ ಮಾಡಿ, "ಬಂದೆ ಅಣ್ಣಾ," ಎಂದಿತು.

"ಗಂಟಲಿಗೇನಾಯಿತಮ್ಮ? ಕರಕರ ಅಂತಿದೆ."

"ನೆಗಡಿ ಅಣ್ಣಾ."

"ಅಯ್ಯೋ ಪಾಪ! ತುಳಸಿ ತಿನ್ನು."

ದ್ಯಾವಣ್ಣನ ಮಾತು ನಂಬಿ ಸಿರಿಯಕ್ಕನ ಮರಿಗಳು ನೀರಿಗೆ ಇಳಿದವು. ಸಿರಿಯಕ್ಕ ಹಿಂದೆ ತಿರುಗಿ ಉಳಿದವರನ್ನೆಲ್ಲ ನೋಡಿದಳು. ಅವಳ ಕಿವಿ ನೆಟ್ಟಗಾಯಿತು. "ದ್ಯಾವಣ್ಣ, ನಮ್ಮವರೆಲ್ಲ ಇಲ್ಲೇ ಇದ್ದಾರೆ! ಅದು ಯಾರು? ನಿನಗೆ ಸರಿಯಾಗಿ ಕಾಣ್ತಿದೆಯಾ?"

ಆಗಲಾದರೂ "ಇಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ದ್ಯಾವಣ್ಣನಿಗೆ ಕೊಂಬೆಯ ನೆನಪಾಯಿತು.

"ನನ್ನ ಕಣ್ಣಿನ ಮೇಲೇ ಅನುಮಾನವೇ?" ಎಂದು ಎದೆ ಸೆಟೆಸಿದ.

ಚಿರತೆ ನೆಗೆದೇಬಿಟ್ಟಿತು. ಕೆಳಗಿನ ಕೊಂಬೆಯಲ್ಲಿದ್ದ ಬೈರವ್ವನಿಗೆ ಅದು ಪೊದೆಯ ಮರೆಯಿಂದ ಹೊರಬಿದ್ದ ಮೇಲೆಯೇ ಕಂಡಿತು. ಅವಳು, "ಚಿರತೆ! ಓಡಿ!" ಎಂದು ಕಿರುಚಿದಳು. ಅವಳ ದನಿ ತೆಳ್ಳಗಿನದು, ಆದರೂ ಹತ್ತಿರದಲ್ಲಿದ್ದ ಜಿಂಕೆಗಳಿಗೆ ಕೇಳಿಸಿತು. ಎಲ್ಲವೂ ಚೆಲ್ಲಾಪಿಲ್ಲಿಯಾಗಿ ಓಡಿದವು. ಸಿರಿಯಕ್ಕನ ತೊಡೆಗೆ ಉಗುರು ತಾಗಿ ರಕ್ತ ಬಂತು, ಜೀವ ಮಾತ್ರ ಉಳಿಯಿತು.

ಕೈಗೆ ಬಂದ ಊಟ ತಪ್ಪಿದ ಸಿಟ್ಟಿಗೆ ಚಿರತೆ ಸರಸರನೆ ಮತ್ತಿಮರ ಹತ್ತತೊಡಗಿತು. ದ್ಯಾವಣ್ಣ ಕೆಳಗೆ ಬಗ್ಗಿ ನೋಡಿದ. ಚುಕ್ಕೆಗಳು ಮೇಲೆ ಬರುತ್ತಿದ್ದವು!

"ಅರೆ! ಜಿಂಕೆಗಳು ಮರ ಹತ್ತೋದನ್ನು ಯಾವಾಗ ಕಲಿತವು?" ಎಂದು ಬೆರಗಾದ. "ಚಿಗುರು ಬೇಕಿತ್ತೇನಮ್ಮ? ಕೇಳಿದ್ದರೆ ನಾನೇ ಕೆಳಗೆ ಎಸೀತಿದ್ದೆನಲ್ಲ!" ಎನ್ನುತ್ತ ಒಂದು ಎಳೆ ಟೊಂಗೆ ಮುರಿದು ಮುಂದೆ ಹಿಡಿದ.

ಚಿರತೆ ಟೊಂಗೆಯನ್ನು ಬಿಟ್ಟು ಬಾಲಕ್ಕೆ ಬಾಯಿ ಹಾಕಿತು.

"ಅಯ್ಯಯ್ಯೋ! ಜಿಂಕೆಗೆ ಇಷ್ಟು ಚೂಪು ಹಲ್ಲೇ?" ಎಂದು ಅರಚಿಕೊಂಡು ದ್ಯಾವಣ್ಣ ಪಕ್ಕದ ಮರಕ್ಕೆ ಹಾರಿದ. ಪಕ್ಕದ ಮರ ಅವನು ಅಂದುಕೊಂಡ ಜಾಗದಲ್ಲಿ ಇರಲಿಲ್ಲ. ಹೊಂಡದ ಕೆಸರಿಗೆ ದೊಪ್ಪನೆ ಬಿದ್ದ. ಗೇಣುದ್ದ ಬಾಲ ಚಿರತೆಯ ಬಾಯಲ್ಲೇ ಉಳಿಯಿತು. ಅಷ್ಟರಲ್ಲಿ ಕಾಡೆಲ್ಲ ಕೂಗಿಕೊಳ್ಳುತ್ತಿತ್ತು. ಇನ್ನು ಇಲ್ಲಿ ಬೇಟೆ ಸಿಗದು ಎಂದು ಚಿರತೆ ಆ ಬಾಲವನ್ನೂ ಉಗುಳಿ ಹೊರಟುಹೋಯಿತು.

ಜಿಂಕೆಗಳು ಮೆಲ್ಲಗೆ ವಾಪಸು ಬಂದವು. ಕೆಸರಲ್ಲಿ ಕೂತಿದ್ದ ದ್ಯಾವಣ್ಣನಿಗೆ ರಕ್ತದ ವಾಸನೆ ಬಡಿಯಿತು. ಅಳು ತಡೆಯಲಾಗಲಿಲ್ಲ.

"ಕಾಣಲ್ಲ ಸಿರಿಯಕ್ಕ. ಹೋದ ಮಳೆಗಾಲದಿಂದಲೇ ಸರಿಯಾಗಿ ಕಾಣಲ್ಲ. ಹೇಳಿದರೆ ನನ್ನನ್ನು ಕೆಳಗಿಳಿಸಿಬಿಡ್ತೀರಿ ಅಂತ ಹೆದರಿದೆ."

ಸಿರಿಯಕ್ಕನಿಗೆ ಕೆಂಡದಂಥ ಕೋಪ ಬಂದಿತ್ತು. "ಕಣ್ಣಿಗೆ ಪೊರೆ ಬಂತು ಅಂತ ನಿನ್ನನ್ನು ಯಾರು ಬೈತಾರೆ? ಅಲ್ಲಾಡದೆ ನಿಂತ ಹುಲಿ ನಮಗೂ ಕಾಣಲ್ಲ. ನಮ್ಮ ಮುತ್ತಜ್ಜ ಅದನ್ನು ಹೇಳಿಕೊಂಡದ್ದಕ್ಕೇ ಅಲ್ಲವೇ ನಿಮ್ಮ ಸಹಾಯ ಸಿಕ್ಕಿದ್ದು? ಕಾಣುತ್ತೆ ಅಂದೆಯಲ್ಲ, ಅದಕ್ಕೆ ನನಗೆ ಸಿಟ್ಟು! ನನ್ನ ಮಕ್ಕಳು ನೀರಲ್ಲಿದ್ದರು ಕಣೋ."

ದ್ಯಾವಣ್ಣ ತಲೆ ತಗ್ಗಿಸಿದ. ಆಮೇಲೆ ತಾನಾಗಿಯೇ ಹೇಳಿದ: "ಬೈರವ್ವನ ಕಣ್ಣು ಚೆನ್ನಾಗಿದೆ. ತುದಿಕೊಂಬೆಯಲ್ಲಿ ಅವಳು ಕೂರಲಿ."

"ನನ್ನ ದನಿ ಆಚೆ ದಡಕ್ಕೂ ಮುಟ್ಟಲ್ಲ," ಎಂದಳು ಬೈರವ್ವ. "ನಾನು ನೋಡ್ತೀನಿ, ನೀವು ಕೂಗಿ."

ಮರುದಿನ ಬೈರವ್ವ ತುದಿಕೊಂಬೆಯಲ್ಲಿ, ಮೊಂಡುಬಾಲದ ದ್ಯಾವಣ್ಣ ಅವಳ ಕೆಳಗಿನ ಕೊಂಬೆಯಲ್ಲಿ. ಜಿಂಕೆಗಳು ದಡಕ್ಕೆ ಬಂದು ಅಳುಕುತ್ತ ನಿಂತವು. ಸಿರಿಯಕ್ಕ ಕುಂಟುತ್ತ ಮುಂದೆ ಬಂದು, "ದ್ಯಾವಣ್ಣ, ಏನಾದರೂ ಕಾಣ್ತಿದೆಯಾ?" ಎಂದು ಕೇಳಿದಳು.

ದ್ಯಾವಣ್ಣ ಎದೆ ತುಂಬ ಉಸಿರೆಳೆದುಕೊಂಡು, ಆಚೆ ಗುಡ್ಡಕ್ಕೂ ಕೇಳುವ ಹಾಗೆ ಕೂಗಿದ: "ನನಗೇನೂ ಕಾಣ್ತಿಲ್ಲ! ಬೈರವ್ವನನ್ನು ಕೇಳಿ ಹೇಳ್ತೀನಿ. ಅಲ್ಲಿವರೆಗೂ ಒಬ್ಬರೂ ನೀರಿಗೆ ಇಳಿಯಬೇಡಿ!"

ಆ ಮಾತು ಕೇಳಿದ ಮೇಲೆಯೇ ಸಿರಿಯಕ್ಕನಿಗೆ ಅವನ ಮೇಲೆ ಮತ್ತೆ ನಂಬಿಕೆ ಬಂತು.

ನೀತಿ: ಕಣ್ಣು ಮಂಜಾಗುವುದು ತಪ್ಪಲ್ಲ, ಕಾಣದಿದ್ದರೂ ಕಾಣುತ್ತದೆ ಎನ್ನುವುದು ತಪ್ಪು.